ಕಡಲಕೆರೆಯ ದಂಡೆಯಲ್ಲಿ

ಮೂಡುಬಿದಿರೆಗೆ ಬರುವ ಯಾತ್ರಿಕರ ದಾರಿ ಬಹುಕಾಲದಿಂದಲೂ ಒಂದೇ. ಬಸ್ಸಿನಿಂದ ಇಳಿದವರು ಬಸದಿಗಳ ಬೀದಿಯತ್ತ ನಡೆಯುತ್ತಾರೆ. ಸಾವಿರ ಕಂಬದ ಬಸದಿಯನ್ನು ಹೊಕ್ಕು, ಕಂಬಗಳನ್ನು ಎಣಿಸತೊಡಗಿ, ಅರ್ಧದಲ್ಲಿ ಲೆಕ್ಕ ತಪ್ಪಿ ನಗುತ್ತಾರೆ. ಗುರು ಬಸದಿಯಲ್ಲಿ ಶತಮಾನಗಳ ಕಾಲ ಉಳಿದು ಬಂದ ಧವಲ ಗ್ರಂಥಗಳ ತಾಳೆಯೋಲೆಗಳ ಕಥೆಯನ್ನು ಕೇಳುತ್ತಾರೆ. ಚೌಟರ ಅರಮನೆಯ ಮರದ ಕೆತ್ತನೆಯಲ್ಲಿ ಒಂಬತ್ತು ಮಂದಿ ನಾರಿಯರು ಒಡಗೂಡಿ ಒಂದು ಆನೆಯಾದ ಚೋದ್ಯವನ್ನು ಕಂಡು ಬೆರಗಾಗುತ್ತಾರೆ. ಊಟದ ಹೊತ್ತಿಗೆ ಕಾರ್ಕಳದ ಬಸ್ಸು ಸಿದ್ಧವಾಗಿರುತ್ತದೆ. ಗೋಮಟನನ್ನು ನೋಡಲು ಹೊರಟುಹೋಗುತ್ತಾರೆ.

ಆ ಬಸ್ಸನ್ನು ತಪ್ಪಿಸಿಕೊಂಡವರ ಪಾಲಿಗೆ ಊರ ಅಂಚಿನ ಒಂಟಿಕಟ್ಟೆಯಲ್ಲಿ ಬೇರೊಂದು ನೋಟ ಕಾದಿದೆ. ಅದರ ಹೆಸರು ಕಡಲಕೆರೆ. ಹೆಸರಿನಲ್ಲೇನೋ ಕಡಲಿದೆ, ನಿಜವಾದ ಕಡಲು ಅಲ್ಲಿಂದ ಪಡುವಲಿಗೆ ಹರದಾರಿಗಟ್ಟಲೆ ದೂರ. ಕೆರೆಯ ಪಕ್ಕದಲ್ಲಿ ಒಂದು ಪುಟ್ಟ ನಿಸರ್ಗಧಾಮ, ಅದರ ಮಗ್ಗುಲಲ್ಲಿಯೇ ಕಂಬಳದ ಕರೆ. ವರ್ಷದಲ್ಲಿ ಒಂದೆರಡು ದಿನ ಇಲ್ಲಿ ಕಿವಿ ತೂತಾಗುವಷ್ಟು ಗದ್ದಲ. ಉಳಿದ ದಿನಗಳಲ್ಲಿ ಎಲೆ ಬಿದ್ದರೂ ಕೇಳುವಷ್ಟು ಮೌನ. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂಬುದು ಊರವರ ಬಾಯಲ್ಲಿ ನಿಂತ ಮಾತು. ಬಸದಿಗಳ ಪಟ್ಟಿಯನ್ನು ಪ್ರವಾಸಿಗರ ಪುಸ್ತಕಗಳು ಒಪ್ಪಿಸುತ್ತವೆ. ಕೆರೆಗಳ ಪಟ್ಟಿಯನ್ನು ಕೇಳುವವರು ಕಡಿಮೆ.

ಬೆಳಗಿನ ಏಳು ಗಂಟೆಯೊಳಗೆ ಬಂದವರಿಗೆ ಈ ಜಾಗ ತನ್ನನ್ನು ತೋರಿಸಿಕೊಳ್ಳುತ್ತದೆ. ಅನಂತರ ಬಂದವರಿಗೆ ನೀರು ಮತ್ತು ಮರ ಮಾತ್ರ ಕಾಣುತ್ತವೆ.

ಮೂಡುಬಿದಿರೆಯ ಸುತ್ತಲಿನ ಗುಡ್ಡಗಳಲ್ಲಿ ನಡೆಯುವವನಿಗೆ ಮೊದಲು ಎದುರಾಗುವ ಮರ ಸಾಮಾನ್ಯವಾಗಿ ಅಕೇಶಿಯಾ. ಇದು ಈ ನಾಡಿನದಲ್ಲ, ಆಸ್ಟ್ರೇಲಿಯಾ ಕಡೆಯದು. 1980ರ ದಶಕದಿಂದೀಚೆಗೆ ಕರಾವಳಿಯ ಬೋಳು ಗುಡ್ಡಗಳನ್ನು ಬೇಗ ಹಸುರಾಗಿಸಲೆಂದು ಇದನ್ನು ಹೇರಳವಾಗಿ ನೆಡಲಾಯಿತು. ಹಸುರೇನೋ ಆಯಿತು, ಆದರೆ ಅದರ ಕುಡುಗೋಲಿನಂಥ ಎಲೆಗಳು ಬೇಗನೆ ಕರಗದೆ ನೆಲದ ಮೇಲೆ ಚಾಪೆಯಂತೆ ಹಾಸಿಕೊಳ್ಳುತ್ತವೆ. ಆ ನೆರಳಿನಲ್ಲಿ ನಡೆಯುವಾಗ ಸದ್ದು ಹೆಚ್ಚು, ಹಕ್ಕಿ ಕಡಿಮೆ. ನಾಲ್ಕು ಹೆಜ್ಜೆ ಮುಂದೆ ಒಂದು ನೇರಳೆಯೋ ಹಲಸೋ ಕುಂಟನೇರಳೆಯ ಪೊದೆಯೋ ಬಂದೊಡನೆ ಗಾಳಿಯೇ ಬೇರೆಯಾದಂತೆ ತೋರುವುದು. ಕುಟ್ರುಹಕ್ಕಿಯ ಬಡಿತ ಮರದಿಂದ ಮರಕ್ಕೆ ಹಾಯುತ್ತದೆ. ಕೆಂಜಿಗಗಳು ಹಸಿ ಎಲೆಗಳನ್ನು ಎಳೆದು ಸೇರಿಸಿ, ತಮ್ಮ ಮರಿಹುಳುಗಳನ್ನೇ ಹೊಲಿಗೆಯ ಸೂಜಿಯಂತೆ ಹಿಡಿದು, ಅವುಗಳ ಬಾಯಿಂದ ಹೊರಡುವ ರೇಶಿಮೆಯಿಂದ ಎಲೆಮನೆ ಕಟ್ಟುತ್ತಿರುತ್ತವೆ. ಹತ್ತಿರ ನಿಂತು ನೋಡಬಹುದು. ಕೊಂಬೆಯನ್ನು ಮುಟ್ಟಿದರೆ ಪಾಠ ಬೇಗನೆ ಮುಗಿಯುತ್ತದೆ.

ಈ ಸೀಮೆಯ ಗುಡ್ಡಗಳಲ್ಲಿ ಬೆಳೆಯುವ ಎರಡು ಮರಗಳ ವಿಷಯ ಮಕ್ಕಳಿಗೆ ಹೇಳಲೇಬೇಕಾದುದು. ಒಂದು ಹಾಲೆ, ತುಳುವರ ಬಾಯಲ್ಲಿ ಅದು ಪಾಲೆ. ಏಳೆಲೆಗಳು ಕೊಡೆಯಂತೆ ಸುತ್ತುಗಟ್ಟಿ ನಿಂತಿರುತ್ತವೆ. ಗಾಯ ಮಾಡಿದರೆ ಬಿಳಿಯ ಹಾಲು ಒಸರುತ್ತದೆ. ಆಟಿ ಅಮಾವಾಸ್ಯೆಯ ದಿನ ನಸುಕಿನಲ್ಲಿ ಇದರ ತೊಗಟೆಯನ್ನು ಕಬ್ಬಿಣ ಸೋಕಿಸದೆ ಕಲ್ಲಿನಿಂದಲೇ ಜಜ್ಜಿ ತಂದು, ಕಷಾಯ ಮಾಡಿ, ಮನೆಮಂದಿಯೆಲ್ಲ ಬರಿಯ ಹೊಟ್ಟೆಯಲ್ಲಿ ಕುಡಿಯುವುದು ಈ ಜಿಲ್ಲೆಯ ಪದ್ಧತಿ. ಇನ್ನೊಂದು ಕಾಸರಕ. ಅದರ ಹಣ್ಣು ಕಿತ್ತಳೆಯ ಬಣ್ಣದ ಗುಂಡು. ಮಕ್ಕಳ ಕೈ ತಾನಾಗಿ ಚಾಚುವಂಥದು. ಅದರೊಳಗಿನ ಬೀಜ ಘೋರ ವಿಷ, ತೊಗಟೆಯೂ ವಿಷವೇ. ಎರಡೂ ಮರಗಳು ಇದೇ ಗುಡ್ಡಗಳಲ್ಲಿ ಬೆಳೆಯುವುವಾದ್ದರಿಂದ, ಕತ್ತಲಲ್ಲಿ ತೊಗಟೆ ತರಹೊರಟವರು ಹಿಂದಿನ ದಿನದ ಬೆಳಕಿನಲ್ಲಿಯೇ ಮರವನ್ನು ಗುರುತಿಸಿ ಬರುವುದುಂಟು. ಮರದ ಗುರುತು ಪರೀಕ್ಷೆಯ ಅಂಕಕ್ಕಾಗಿ ಅಲ್ಲ, ಪ್ರಾಣಕ್ಕಾಗಿ ಎಂಬ ಕಾಲ ಈ ಮನೆಗಳಲ್ಲಿ ಇನ್ನೂ ಪೂರ್ತಿ ಮುಗಿದಿಲ್ಲ.

ನೀರಿನಂಚಿನಲ್ಲಿ

ಮರಗಳ ಮರೆಯಿಂದ ಕೆರೆ ಒಮ್ಮೆಲೇ ತೆರೆದುಕೊಳ್ಳುತ್ತದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೆಂದರೆ ನೇರವಾಗಿ ನೀರಿನ ಬಳಿಗೆ ನಡೆದುಬಿಡುವುದು. ದಂಡೆಯಲ್ಲಿದ್ದ ಹಕ್ಕಿಗಳೆಲ್ಲ ಎದ್ದುಹೋಗುತ್ತವೆ. ‘ಇಲ್ಲಿ ಏನೂ ಇಲ್ಲ’ ಎಂದು ಬಂದವರು ಮರಳುತ್ತಾರೆ. ಒಂದು ಮರದ ಬುಡದಲ್ಲಿ ಕುಳಿತು, ಮೊಬೈಲನ್ನು ಬಾಯಿ ಮುಚ್ಚಿಸಿ, ಅರ್ಧ ಗಂಟೆ ಅಲುಗದೆ ಇದ್ದವರಿಗೆ ಕೆರೆ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತದೆ.

ಮೊದಲು ಮರಳುವುದು ಕೊಳದ ಬಕ. ಅದು ಕುಳಿತಿರುವಾಗ ಮಣ್ಣಿನ ಹೆಂಟೆ. ಹಾರಿದಾಗ ಮಾತ್ರ ಬಿಳಿಯ ರೆಕ್ಕೆ ಫಕ್ಕನೆ ಬಿಚ್ಚಿ, ಇಷ್ಟು ಹೊತ್ತು ಕಣ್ಣೆದುರೇ ಇತ್ತಲ್ಲ ಎಂದು ಬೆರಗು ಹುಟ್ಟಿಸುತ್ತದೆ. ಬಳಿಕ ಹುಲ್ಲಿನ ಮರೆಯಿಂದ ಹುಂಡುಕೋಳಿ ಹೊರಬರುತ್ತದೆ. ಎದೆ ಅಚ್ಚ ಬಿಳಿ, ಬೆನ್ನು ಬೂದುಗಪ್ಪು. ಮೋಟು ಬಾಲವನ್ನು ಎತ್ತಿ ಎತ್ತಿ ನಡೆಯುವ ಠೀವಿ ನೋಡಿದರೆ ಕೆರೆಯ ಲೆಕ್ಕಪತ್ರವೆಲ್ಲ ಅದರ ವಶದಲ್ಲಿದೆಯೆಂದು ತೋರುವುದು. ಬಗ್ಗಿದ ಕೊಂಬೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಬಾತುಕೋಳಿಯ ಗರಿಗಳಂತೆ ನೀರುಕಾಗೆಯ ಗರಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಒದ್ದೆಯಾದ ಮೈ ಭಾರವಾಗಿ ಮುಳುಗಲು ಸುಲಭ. ಮೀನು ಹಿಡಿಯಲು ಅದು ಲಾಭ. ಆ ಲಾಭಕ್ಕೆ ತೆರುವ ಬೆಲೆಯೇ ಈ ಬಿಸಿಲು ಕಾಯುವಿಕೆ.

ನೈದಿಲೆಯ ಎಲೆಗಳಿರುವ ಕೆರೆಗಳಲ್ಲಿ ದೇವನಕ್ಕಿ ಇದ್ದರಂತೂ ಕುಳಿತವರು ಹೊತ್ತು ಮರೆಯುತ್ತಾರೆ. ಅದರ ಕಾಲ್ಬೆರಳುಗಳು ಮೈಗೆ ಹೊಂದದಷ್ಟು ಉದ್ದ. ಭಾರವೆಲ್ಲ ಹರಡಿಹೋಗುವುದರಿಂದ ತೇಲುವ ಎಲೆಯ ಮೇಲೆ ನೆಲದ ಮೇಲೆ ನಡೆದಂತೆ ನಡೆಯುತ್ತದೆ. ಈ ಹಕ್ಕಿಯ ಸಂಸಾರ ಇನ್ನೂ ವಿಚಿತ್ರ. ಹೆಣ್ಣು ಮೊಟ್ಟೆಯಿಟ್ಟು ಬೇರೆ ಗಂಡನ್ನು ಅರಸಿ ಹೋಗುತ್ತದೆ. ಕಾವು ಕೊಡುವುದು, ಮರಿಗಳನ್ನು ಸಾಕುವುದು, ಅಪಾಯ ಬಂದಾಗ ಮರಿಗಳನ್ನು ರೆಕ್ಕೆಯಡಿಯಲ್ಲಿ ಅವುಚಿಕೊಂಡು ಓಡುವುದು, ಎಲ್ಲವೂ ಗಂಡಿನ ಪಾಲಿಗೆ. ಈ ಮಾತು ಕೇಳಿದಾಗ ಜೊತೆಯಲ್ಲಿ ಬಂದ ಗೃಹಿಣಿಯರ ಮುಖದಲ್ಲಿ ಮಂದಹಾಸ ಮೂಡಿದರೆ ಅದು ಸಹಜವೇ.

ನೀರಿನೊಳಗಿನ ಸಣ್ಣ ಜೀವಗಳನ್ನು ಗಮನಿಸುವುದು ಈ ಊರಿಗೆ ಹೊಸತೇನೂ ಅಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು ಜೈನರ ಆಚಾರ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಎಲ್ಲೆಂದರಲ್ಲಿ ಕೊಡವುವಂತಿಲ್ಲ. ಯಾವ ಬಾವಿ ಅಥವಾ ಕೆರೆಯಿಂದ ನೀರು ತಂದರೋ ಅದೇ ನೀರಿಗೆ ಮರಳಿ ಬಿಡಬೇಕು. ನೀರು ಒಂದು ವಸ್ತುವಲ್ಲ, ಹಲವು ಜೀವಗಳ ಮನೆ ಎಂಬ ತಿಳಿವು ಆ ಒಂದು ತುಂಡು ಬಟ್ಟೆಯಲ್ಲಿದೆ. ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಹಾಡಿದ 16ನೆಯ ಶತಮಾನದ ರತ್ನಾಕರವರ್ಣಿ ಇದೇ ಊರಿನವನು, ಅವನ ಕಾಲದಲ್ಲಿಯೂ ಮೂಡುಬಿದಿರೆಯ ಮನೆಗಳಲ್ಲಿ ನೀರು ಹೀಗೆಯೇ ಸೋಸಲ್ಪಟ್ಟಿರಬೇಕು.

ಮಳೆಗೆ ಎರಡು ಉತ್ತರ

ಇಷ್ಟು ಮಳೆ ಸುರಿಯುವ ನಾಡಿಗೆ ಕೆರೆ ಏತಕ್ಕೆ ಎಂದು ಘಟ್ಟದ ಮೇಲಿನಿಂದ ಬಂದವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆಯಾಗುತ್ತದೆ. ಬಿದ್ದ ನೀರೆಲ್ಲ ಬಿದ್ದಲ್ಲಿಯೇ ನಿಂತರೆ ಎರಡು ಆಳಿನ ಎತ್ತರಕ್ಕೂ ಮೀರುವುದು. ಬೆಂಗಳೂರಿಗೆ ಬೀಳುವುದು ಇದರ ಕಾಲು ಭಾಗದಷ್ಟೇ. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿದು ಮುಗಿಯುತ್ತದೆ. ಎಪ್ರಿಲ್ ಬಂತೆಂದರೆ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಕಟ್ಟಬೇಕಾಗುತ್ತದೆ.

ಮೂಡುಬಿದಿರೆಯನ್ನು ಕಟ್ಟಿದವರು ಈ ಮಳೆಗೆ ಎರಡು ಉತ್ತರಗಳನ್ನು ಕಂಡುಕೊಂಡಿದ್ದರು. ಒಂದನ್ನು ಎಲ್ಲರೂ ನೋಡುತ್ತಾರೆ: 1430ರ ಸುಮಾರಿಗೆ ನಿರ್ಮಾಣವಾದ ಸಾವಿರ ಕಂಬದ ಬಸದಿಯ ಅಂತಸ್ತು ಅಂತಸ್ತಾದ ಇಳಿಜಾರು ಮಾಡು. ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ 19ನೆಯ ಶತಮಾನದಲ್ಲಿ ಈ ಬಸದಿಗಳನ್ನು ಕಂಡು ನೇಪಾಳದ ದೇಗುಲಗಳನ್ನು ನೆನೆದನು. ಮಳೆ ನಿಲ್ಲದೆ ಜಾರಿಹೋಗಲಿ ಎಂಬುದು ಆ ಮಾಡಿನ ಉದ್ದೇಶ. ಎರಡನೆಯ ಉತ್ತರ ಕೆರೆ. ಜಾರಿಹೋದ ಮಳೆ ಒಂದೆಡೆ ನಿಲ್ಲಲಿ ಎಂಬುದು ಇದರ ಉದ್ದೇಶ. ಮೊದಲನೆಯದನ್ನು ಶಿಲ್ಪವೆಂದು ಕರೆದು ಕಾಪಾಡುತ್ತ ಬಂದಿದ್ದೇವೆ. ಎರಡನೆಯದೂ ಶಿಲ್ಪವೇ ಎಂಬುದು ಮರೆತುಹೋಗಿದೆ.

ನಿಲ್ಲಿಸದಿದ್ದರೆ ನೀರು ಏಕೆ ಓಡಿಹೋಗುತ್ತದೆಂಬುದನ್ನು ಕಾಲಡಿಯ ಕಲ್ಲು ಹೇಳುತ್ತದೆ. ಈ ಸೀಮೆಯ ಮನೆ, ಕಾಂಪೌಂಡು, ಬಾವಿಕಟ್ಟೆಗಳೆಲ್ಲ ಕೆಂಪುಕಲ್ಲಿನವು. ಮುರಕಲ್ಲು ಎನ್ನುವುದೂ ಇದನ್ನೇ. ನೆಲದೊಳಗೆ ಇರುವಾಗ ಕೊಡಲಿಗೆ ಸಿಗುವಷ್ಟು ಮೃದು, ಹೊರಗೆ ತೆಗೆದು ಗಾಳಿಗೆ ಇಟ್ಟರೆ ಇಟ್ಟಿಗೆಯಂತೆ ಗಟ್ಟಿ. ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದಾಗ ಜನರು ಇದನ್ನು ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದ ಮೂಲಕ ಆ ಹೆಸರು ಲೋಕದ ಭೂವಿಜ್ಞಾನಕ್ಕೆಲ್ಲ ಸೇರಿತು.

ಈ ಕಲ್ಲಿನ ತುಂಬ ತೂತುಗಳು. ಮೇಲೆ ಬಿದ್ದ ಮಳೆ ಜರಡಿಯಲ್ಲಿ ಇಳಿದಂತೆ ಇಳಿಯುತ್ತದೆ. ಕೆಳಗೆ ಶೇಡಿ ಎಂಬ ನುಣುಪಾದ ಜೇಡಿಯ ಪದರ ಸಿಕ್ಕಿದಾಗ ನಿಂತು, ಇಳಿಜಾರು ಹಿಡಿದು ಅಡ್ಡಕ್ಕೆ ಹರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಗುಡ್ಡದ ತಗ್ಗಿನಲ್ಲಿ ಒಂದು ಕೆರೆ ಇದ್ದರೆ ನೀರು ಆತುರದಿಂದ ಹೊಳೆಗೆ ಸೇರದೆ ಅಲ್ಲಿಯೇ ತಂಗಿ, ಸುತ್ತಲಿನ ಬಾವಿಗಳಿಗೆ ತಿಂಗಳುಗಟ್ಟಲೆ ಒಸರು ಕೊಡುತ್ತದೆ. ಗುಡ್ಡದ ಮೇಲ್ಮಗ್ಗುಲಿನಲ್ಲಿ ಬದು ಹಾಕಿ ಮಳೆ ತಡೆದರೆ ಅದು ಮದಕ. ತೋಡಿಗೆ ಮಳೆಗಾಲ ಕಳೆದ ಮೇಲೆ ಊರವರೆಲ್ಲ ಸೇರಿ ಮಣ್ಣು ಕಲ್ಲುಗಳ ಒಡ್ಡು ಹಾಕಿದರೆ ಅದು ಕಟ್ಟ. ಏಣೆಲು, ಸುಗ್ಗಿ, ಕೊಳಕೆ ಎಂದು ಬೈಲುಗದ್ದೆಗಳಲ್ಲಿ ವರ್ಷಕ್ಕೆ ಮೂರು ಬೆಳೆ ಬೆಳೆದವರ ಬೆನ್ನ ಹಿಂದೆ ನಿಂತಿದ್ದುದು ಇವೇ.

ಈ ಕಲ್ಲಿನ ಗುಣವನ್ನೇ ಬಲ್ಲವರು ಬಂಟ್ವಾಳ ತಾಲೂಕಿನ ತೆಂಕಣ ಊರುಗಳಲ್ಲಿಯೂ ಕಾಸರಗೋಡಿನ ಕಡೆಯೂ ಕೆರೆಯ ಬದಲು ಸುರಂಗ ಹಿಡಿದರು. ಗುಡ್ಡದ ಮೈಯಲ್ಲಿ ಒಬ್ಬ ಆಳು ನಡೆಯುವಷ್ಟು ಅಗಲಕ್ಕೆ ಅಡ್ಡವಾಗಿ ಕೊರೆಯುತ್ತ ಹೋದರೆ ಒಸರು ಸಿಕ್ಕಿದಲ್ಲಿಂದ ನೀರು ತಾನಾಗಿ ಹರಿದು ಬರುತ್ತದೆ. ಎತ್ತುವ ಶ್ರಮವೂ ಇಲ್ಲ, ವಿದ್ಯುತ್ತೂ ಬೇಡ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡದ ಮೇಲೆ ತಮಗೆ ದೊರೆತ ತುಂಡು ನೆಲಕ್ಕಾಗಿ ಒಬ್ಬರೇ ಸುರಂಗ ತೋಡಿದರು. ಹಗಲು ಕೂಲಿಯ ಕೆಲಸ, ಉಳಿದ ಹೊತ್ತಿನಲ್ಲಿ ಗುಡ್ಡ ಕೊರೆಯುವ ಕೆಲಸ. ಐದು ಸುರಂಗಗಳಲ್ಲಿ ನೀರು ಸಿಗಲಿಲ್ಲ. ನೋಡುವವರು ಏನೆಂದಿರಬಹುದೆಂಬುದನ್ನು ಊಹಿಸಬಹುದು. ಆರನೆಯದರಲ್ಲಿ ನೀರು ಬಂತು. ಬೋಳು ಗುಡ್ಡ ಅಡಿಕೆಯ ತೋಟವಾಯಿತು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ನೀಡಿತು.

ಅದೇ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿನಿಂದ ಮಂಗಳೂರು ನಗರ ನೀರು ಕುಡಿಯುತ್ತದೆ. 2016ರ ಬೇಸಿಗೆಯಲ್ಲಿ, ಮತ್ತೆ 2019ರ ಬೇಸಿಗೆಯಲ್ಲಿ, ಅಲ್ಲಿನ ಮಟ್ಟ ಕುಸಿದು ನಗರಕ್ಕೆ ನೀರನ್ನು ಪಾಳಿಯ ಪ್ರಕಾರ ಅಳೆದು ಕೊಡಬೇಕಾಯಿತು. ನಾಲ್ಕು ಸಾವಿರ ಮಿಲಿಮೀಟರಿನ ನಾಡಿನಲ್ಲಿ ಕೊಡಪಾನಗಳ ಸಾಲು! ನದಿ ದೊಡ್ಡದಾಗಿದ್ದರೆ ಸಾಲದು. ಅದಕ್ಕೆ ಬೇಸಿಗೆಯಲ್ಲಿ ನೀರು ಬಿಡುವ ಸಾವಿರಾರು ತಗ್ಗುಗಳು ಮೇಲೆಲ್ಲೋ ಒದ್ದೆಯಾಗಿ ಉಳಿದಿರಬೇಕು.

ಬಹುಶಃ ಈ ಕಾರಣದಿಂದಲೇ ಈ ಸೀಮೆಯ ಜನ ಕೆರೆಗಳಿಗೆ ಹುಟ್ಟಿನ ಕಥೆಗಳನ್ನು ಕಟ್ಟಿದರು. ಬಂಟ್ವಾಳದ ಕಾರಿಂಜ ಬೆಟ್ಟದ ಬುಡದಲ್ಲಿರುವ ಗದಾತೀರ್ಥ ಭೀಮನ ಗದೆ ಬಿದ್ದು ಆದುದಂತೆ. ಅವನು ಮೊಣಕಾಲೂರಿದಲ್ಲಿ ಜಾನುತೀರ್ಥ, ಹೆಬ್ಬೆರಳು ಒತ್ತಿದಲ್ಲಿ ಅಂಗುಷ್ಠತೀರ್ಥ. ಭೀಮನ ಮೊಣಕಾಲಿನ ಗುರುತನ್ನು ತುಂಬಿಸಿ ಸೈಟು ಮಾಡುವ ಧೈರ್ಯ ಯಾರಿಗಿದ್ದೀತು? ಮೂಡುಬಿದಿರೆಯ ಕೆರೆಗಳಿಗೆ ಅಂಥ ರಕ್ಷೆ ಇಲ್ಲ.

ಮತ್ತೆ ದಂಡೆಯಲ್ಲಿ ಕುಳಿತವರ ಬಳಿಗೆ ಬಂದರೆ, ಅವರು ನೋಡುತ್ತಿರುವುದೆಲ್ಲ ನಡೆಯುವುದು ಕೆರೆಯ ನಡುವಿನಲ್ಲಲ್ಲ, ಅಂಚಿನಲ್ಲಿ. ಮೊಣಕಾಲುದ್ದದ ನೀರು, ಹುಲ್ಲು, ಕೆಸರು, ಬಾಗಿದ ಬೇರು: ಬಕಕ್ಕೂ ಹುಂಡುಕೋಳಿಗೂ ಬೇಕಾದುದು ಇದು. ಬಿಳಿಗತ್ತಿನ ಮಿಂಚುಳ್ಳಿ ಮಣ್ಣಿನ ದಿಬ್ಬದಲ್ಲಿ ಕೊಕ್ಕಿನಿಂದ ಬಿಲ ಕೊರೆದು ಮೊಟ್ಟೆಯಿಡುತ್ತದೆ. ಕಾಂಕ್ರೀಟಿನಲ್ಲಿ ಅದರ ಕೊಕ್ಕು ಇಳಿಯದು. ಇಂದು ರಾಜ್ಯದಲ್ಲೆಲ್ಲ ಕೆರೆಯ ಅಭಿವೃದ್ಧಿ ಎಂದೊಡನೆ ಅಂಚನ್ನು ನೇರವಾಗಿ ಕಡಿದು, ಸುತ್ತಲೂ ಕಲ್ಲಿನ ಗೋಡೆ ಎಬ್ಬಿಸಿ, ಗೋಡೆಯ ಮೇಲೆ ಬಣ್ಣದ ಇಟ್ಟಿಗೆಯ ದಾರಿ ಹಾಸಿ, ದೀಪಗಳನ್ನು ನೆಡುವುದು ವಾಡಿಕೆಯಾಗಿದೆ. ಹೂಳೆತ್ತುವುದು ಒಳ್ಳೆಯದೇ; ಹೂಳು ತುಂಬಿದ ಕೆರೆ ಹೆಸರಿಗೆ ಮಾತ್ರ ಕೆರೆ. ಆದರೆ ನಾಲ್ಕೂ ಕಡೆ ನೇರ ಗೋಡೆಯಾದರೆ ಉಳಿಯುವುದು ಕೆರೆಯಲ್ಲ, ದೊಡ್ಡದೊಂದು ತೊಟ್ಟಿ. ಒಂದು ಬದಿಯನ್ನಾದರೂ ಮಣ್ಣಿನ ಇಳುಕಲಾಗಿ, ಹುಲ್ಲು ಬೆಳೆಯುವಂತೆ ಬಿಟ್ಟರೆ ಖರ್ಚೂ ಕಡಿಮೆ. ಚೆಂದದ ವಿಚಾರದಲ್ಲಿ ಜನರ ಅಭಿರುಚಿ ಬೇರೆ ಬೇರೆಯಿರಬಹುದು. ಹುಂಡುಕೋಳಿಯ ಅಭಿಪ್ರಾಯವಂತೂ ಸ್ಪಷ್ಟವಿದೆ.

ಕಂಬಳದ ಕರೆ

ಕೆರೆಯ ಮಗ್ಗುಲಲ್ಲಿರುವ ಉದ್ದನೆಯ ಜೋಡಿ ಕೆಸರುಹಾದಿಯನ್ನು ಕಂಡು ಹೊರಗಿನವರು ಕಾಲುವೆಯೆಂದು ತಿಳಿಯುವುದುಂಟು. ಅದು ಕೋಟಿ-ಚೆನ್ನಯ ಜೋಡುಕರೆ. ತುಳು ಪಾಡ್ದನಗಳ ಅವಳಿ ವೀರರ ಹೆಸರಿನ ಈ ಕರೆಯಲ್ಲಿ ಚಳಿಗಾಲದ ಕಂಬಳದ ದಿನ ನೂರಾರು ಜೊತೆ ಕೋಣಗಳು ಇಳಿಯುತ್ತವೆ. ಹಗ್ಗ, ನೇಗಿಲು, ಅಡ್ಡಹಲಗೆಗಳಲ್ಲಿ ವೇಗಕ್ಕೆ ಬಹುಮಾನ. ಕನೆಹಲಗೆಯಲ್ಲಿ ಮಾತ್ರ ನೀರಿಗೆ ಬಹುಮಾನ. ತೂತುಳ್ಳ ಹಲಗೆಯ ಮೇಲೆ ನಿಂತ ಓಟಗಾರನ ಕಾಲಡಿಯಿಂದ ಚಿಮ್ಮಿದ ನೀರು ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಗದ್ದೆಯ ಬದುಕಿನಲ್ಲಿ ಹುಟ್ಟಿದ ಆಟ, ನೀರನ್ನು ಆಕಾಶಕ್ಕೆ ಎರಚಿ ಸಂತೋಷಪಡುತ್ತದೆ.

ಈ ಆಟದ ಪ್ರಾಣವೂ ಒಮ್ಮೆ ತೂಗುಯ್ಯಾಲೆಯಲ್ಲಿತ್ತು. ಪ್ರಾಣಿಗಳ ಓಟವನ್ನು ನಿಷೇಧಿಸಿದ ಸುಪ್ರೀಂ ಕೋರ್ಟಿನ 2014ರ ಮೇ 7ರ ತೀರ್ಪು ಕಂಬಳಕ್ಕೂ ತಟ್ಟಿತು. 2017ರಲ್ಲಿ ಕರ್ನಾಟಕ ಸರಕಾರ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೋಣಗಳ ಹಿತಕ್ಕಾಗಿ ವಾದಿಸಿದವರ ಮಾತಿನಲ್ಲಿಯೂ ಹುರುಳಿಲ್ಲದಿರಲಿಲ್ಲ. ಬೆತ್ತದ ಹೊಡೆತದ ಮೇಲೆ ಕಣ್ಣಿಡುವವರು ಇಂದು ಕಂಬಳದವರಲ್ಲಿಯೇ ಇದ್ದಾರೆ. ಕಂಬಳದ ಮರುದಿನ ಬೆಳಗ್ಗೆ ಬಂದರೆ ಇನ್ನೊಂದು ನೋಟವುಂಟು. ಗೊರಸುಗಳು ಕಲಕಿದ ಕೆಸರಿನಲ್ಲಿ ಹುಳುಹುಪ್ಪಟೆಗಳು ಮೇಲೆ ಬಂದಿರುತ್ತವೆ. ಬೆಳ್ಳಕ್ಕಿಗೂ ಟಿಟ್ಟಿಭಕ್ಕೂ ಹಬ್ಬದೂಟದ ಎರಡನೆಯ ಪಂಕ್ತಿ. ಜನರು ಬಿಟ್ಟುಹೋದ ಪ್ಲಾಸ್ಟಿಕ್ ಲೋಟಗಳೂ ಅಲ್ಲಲ್ಲಿ ತೇಲುವುದಿಲ್ಲವೆಂದಲ್ಲ. ಅವುಗಳನ್ನು ತಿನ್ನುವ ಹಕ್ಕಿ ಇನ್ನೂ ಹುಟ್ಟಿಲ್ಲ.

ಮಳೆಗಾಲದ ಕೊನೆಯಲ್ಲಿ ಬರುವವರು ಕೆರೆಯನ್ನು ನೋಡಿ ಅಷ್ಟಕ್ಕೇ ಮರಳಬಾರದು. ಸುತ್ತಮುತ್ತಲಿನ ಪದವುಗಳ ಮೇಲೂ ಸ್ವಲ್ಪ ಬಗ್ಗಿ ನಡೆಯಬೇಕು. ಪದವೆಂದರೆ ಕೆಂಪುಕಲ್ಲಿನ ಬಯಲು. ಬೇಸಿಗೆಯಲ್ಲಿ ಕಾದ ಹೆಂಚು. ಆಗಸ್ಟ್, ಸೆಪ್ಟೆಂಬರಿನಲ್ಲಿ ಬೆರಳುದ್ದದ ನೀರು ನಿಂತ ಹೂದೋಟ. ನೀಲಿಯ ಪುಟ್ಟ ಹೂವಿನ ಗಿಡವೊಂದು ನೀರಿನಡಿಯಲ್ಲಿ ಸಾಸಿವೆಗಿಂತ ಚಿಕ್ಕ ಚೀಲಗಳನ್ನು ಒಡ್ಡಿ ಹುಳುಗಳನ್ನು ಒಳಗೆ ಸೆಳೆದುಕೊಳ್ಳುತ್ತದೆ. ಇನ್ನೊಂದು ಗಿಡದ ಎಲೆಗಳ ತುಂಬ ಕೆಂಪು ರೋಮ, ರೋಮದ ತುದಿಯಲ್ಲಿ ಇಬ್ಬನಿಯಂಥ ಅಂಟು. ಕುಳಿತ ನೊಣ ಏಳಲಾರದು. ಕಲ್ಲುನೆಲದಲ್ಲಿ ಸಾರಜನಕ ಸಾಲದೆ ಈ ಗಿಡಗಳು ಬೇಟೆಗಾರರಾದುವು. ಪದವನ್ನು ‘ಪಾಳುಭೂಮಿ’ ಎಂದು ಕಡತಗಳಲ್ಲಿ ಬರೆಯುವವರು ಒಮ್ಮೆ ಆಗಸ್ಟಿನಲ್ಲಿ ಮಂಡಿಯೂರಿ ನೋಡಬೇಕು. ಕೆರೆಗಳಿಗೆ ಮಳೆಯನ್ನು ಇಳಿಸಿಕೊಡುವುದೂ ಈ ಪಾಳುಭೂಮಿಯೇ.

ಅದೇ ಕಾಲದಲ್ಲಿ ಕೆರೆಯ ಮೇಲೂ ಬಯಲಿನ ಮೇಲೂ ಹಳದಿ ಛಾಯೆಯ ಏರೋಪ್ಲೇನ್ ಚಿಟ್ಟೆಗಳು ಮುಗಿಲಿನಂತೆ ಹಾರಾಡುತ್ತವೆ. ಮಳೆಯ ಗಾಳಿಯೊಡನೆ ಬಂದು, ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಮಳೆ ಮುಗಿಯುತ್ತಲೇ ಕಾಣೆಯಾಗುವ ಇವು ಎಲ್ಲಿಗೆ ಹೋಗುತ್ತವೆಂಬುದು ಬಹುಕಾಲ ಯಾರಿಗೂ ಹೊಳೆದಿರಲಿಲ್ಲ. ಮಾಲ್ಡೀವ್ಸಿನಲ್ಲಿ ನೆಲೆಸಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ ಪ್ರತಿ ಅಕ್ಟೋಬರಿನಲ್ಲಿ ಆ ಸಣ್ಣ ದ್ವೀಪಗಳ ಮೇಲೆ ಲಕ್ಷಾಂತರ ಚಿಟ್ಟೆಗಳು ಬಂದಿಳಿಯುವುದನ್ನು ವರ್ಷಗಟ್ಟಲೆ ಗಮನಿಸಿ, 2009ರಲ್ಲಿ ಒಂದು ಸಮಾಧಾನ ಮುಂದಿಟ್ಟರು. ಭಾರತದಿಂದ ಹೊರಟ ಚಿಟ್ಟೆಗಳು ಬೀಸುಗಾಳಿಯನ್ನೇರಿ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕವನ್ನು ಸೇರುತ್ತವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಮರುವರ್ಷದ ಮುಂಗಾರಿನೊಡನೆ ಮರಳುತ್ತವೆ. ಹೋಗಿ ಬರುವ ದಾರಿ 14,000ದಿಂದ 18,000 ಕಿಲೋಮೀಟರು. ನಾಲ್ಕು ತಲೆಮಾರುಗಳ ಪ್ರಯಾಣ. ಹೆಸರಿನಲ್ಲಿ ಮಾತ್ರ ಕಡಲಿರುವ ಕೆರೆಯ ಮೇಲೆ ಹಾರುವ ಹುಳುವಿಗೆ ನಿಜವಾದ ಕಡಲಿನ ದಾರಿ ಗೊತ್ತಿರುವುದು ವಿಚಿತ್ರವಲ್ಲವೆ!

ಮಂಗಳೂರಿನಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಮಕ್ಕಳೊಂದಿಗೆ ಬರುವವರಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಿಂಗಳುಗಳು ಹಿತ: ಕೆರೆ ತುಂಬಿರುತ್ತದೆ, ಬಿಸಿಲು ಸೌಮ್ಯವಾಗಿರುತ್ತದೆ, ವಲಸೆಯ ಹಕ್ಕಿಗಳೂ ಕೆಲವು ಬಂದಿರುತ್ತವೆ. ಒಂದು ದುರ್ಬೀನಿದ್ದರೆ ಸಾಕು. ಬುತ್ತಿಯ ಕಾಗದವನ್ನು ಬುತ್ತಿಯೊಡನೆಯೇ ಮನೆಗೆ ಒಯ್ಯಬೇಕೆಂದು ಸಂಭಾವಿತರಿಗೆ ಹೇಳಬೇಕಾಗಿಲ್ಲ. ಹಬ್ಬದ ರಜೆಯ ಸಂಜೆಗಳಲ್ಲಿ ಬಂದು ಮೌನವನ್ನು ಹುಡುಕುವುದು ವ್ಯರ್ಥ.

ಆದರೆ ಕೆರೆಯ ನಿಜವಾದ ಉತ್ಸವ ಪ್ರವಾಸಿಗರಾರೂ ಬಾರದ ಹೊತ್ತಿನಲ್ಲಿ ನಡೆಯುತ್ತದೆ. ಮೇ ಕಳೆದು ಜೂನ್ ಹುಟ್ಟುವಾಗಿನ ಮೊದಲ ಜಡಿಮಳೆಯ ರಾತ್ರಿ ಅದು. ವರ್ಷವಿಡೀ ಕೆಸರಿನ ಬಣ್ಣದಲ್ಲಿ ಅಡಗಿದ್ದ ಗಂಡು ಗೂಳಿಗಪ್ಪೆಗಳು ಆಗ ಮದುಮಗನಂತೆ ನಿಂಬೆಹಳದಿಗೆ ತಿರುಗಿ, ಕೊರಳಿನ ಇಕ್ಕೆಲಗಳಲ್ಲಿ ನೀಲಿಯ ಚೀಲ ಉಬ್ಬಿಸಿ ಕೂಗುತ್ತವೆ. ಒಂದು ಕಾಲದಲ್ಲಿ ಕರಾವಳಿಯ ಗದ್ದೆಗಳಿಂದ ಇವುಗಳನ್ನು ಗ್ಯಾಸ್‌ಲೈಟು ಹಿಡಿದು ಚೀಲಗಟ್ಟಲೆ ಹಿಡಿದೊಯ್ಯುತ್ತಿದ್ದರು. ಕಾಲುಗಳು ವಿದೇಶದ ಊಟದ ಮೇಜಿಗೆ ಹೋಗುತ್ತಿದ್ದುವು. 1987ರಲ್ಲಿ ಭಾರತ ಸರಕಾರ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು. ಈಗ ಅವುಗಳಿಗೆ ಬೇಕಾದುದು ಅಂಗೈ ಆಳದ ನೀರು ನಿಲ್ಲುವ, ಹುಲ್ಲು ಬಾಗಿದ, ಗೋಡೆಯಿಲ್ಲದ ಒಂದಿಷ್ಟು ದಂಡೆ ಮಾತ್ರ. ಅದು ಸಿಕ್ಕಿದಲ್ಲಿ ಬೆಳಗಾಗುವುದರೊಳಗೆ ಹುಲ್ಲಿನ ಬುಡದಲ್ಲಿ ಸಾವಿರಾರು ಮೊಟ್ಟೆಗಳು ಸಬ್ಬಕ್ಕಿಯ ಪಾಯಸದಂತೆ ತೇಲುತ್ತಿರುತ್ತವೆ.